ಕೈಗುಣದ ಮಣೆ

ಕಸ್ತೂರಿ ಅಕ್ಕೋರು ಹೊಸ ಯಂತ್ರವನ್ನು ಹೊತ್ತು ತಂದಾಗ ಸಿದ್ದವ್ವ ಆಗಷ್ಟೇ ಬೇಳೆ ಬೇಯಲು ಇಟ್ಟಿದ್ದಳು.

ಕುಂಬಾರ ಓಣಿಯ ಕನ್ನಡ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಸಿದ್ದವ್ವನದು. ಒಂದನೆಯ, ಎರಡನೆಯ ತರಗತಿಗೆ ಪಾಠ ಹೇಳುವುದು ಕಸ್ತೂರಿ ಅಕ್ಕೋರು. ಅಡುಗೆಮನೆಗೂ ತರಗತಿಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲೊಂದು ಕಿಟಕಿ. ಅಕ್ಕೋರು ಏನೇ ಯಂತ್ರ ಮಾಡಿದರೂ ಮೊದಲು ತೋರಿಸುವುದು ಅಡುಗೆಮನೆಗೆ. ಹೆಡ್ ಮಾಸ್ತರರಿಗೆ ತೋರಿಸಿದರೆ ಅವರು ಮೊದಲು ಹೋಗಿ ಮೇನ್ ಸ್ವಿಚ್ ತೆಗೆಯುತ್ತಾರೆ.

ಹೆಡ್ ಮಾಸ್ತರರ ಹೆದರಿಕೆಯೂ ಸುಳ್ಳಲ್ಲ. ಹೋದ ವರ್ಷ ಅಕ್ಕೋರು ಮಗ್ಗಿ ಹೇಳುವ ಗಡಿಯಾರ ಮಾಡಿದ್ದರು. ಅದು ಏಳರ ಮಗ್ಗಿಯಲ್ಲಿ ತಪ್ಪುತ್ತಿತ್ತು, ತಪ್ಪಿದಾಗಲೆಲ್ಲ ನಾಚಿಕೊಂಡು ಮತ್ತೆ ಒಂದರಿಂದ ಶುರು ಮಾಡುತ್ತಿತ್ತು. ಆ ದಿನ ಶಾಲೆ ಬಿಡುವ ಹೊತ್ತೇ ಬರಲಿಲ್ಲ. ಆಮೇಲೆ ಬಂದ ಪೆನ್ಸಿಲ್ ಹೆರೆಯುವ ಯಂತ್ರ, ಪೆನ್ಸಿಲ್ ಮುಗಿದ ಮೇಲೆ ಹೆಡ್ ಮಾಸ್ತರರ ಕೊಡೆಯನ್ನೂ ಚೂಪು ಮಾಡಿಟ್ಟಿತ್ತು.

"ಇದೇನ್ರಿ ಅಕ್ಕೋರ, ರೊಟ್ಟಿ ಮಣಿಗೆ ವೈರ್ ಸುತ್ತೀರಿ?" ಎಂದಳು ಸಿದ್ದವ್ವ.

ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮಣೆ ಅಕ್ಕೋರ ಅತ್ತೆಯ ಕಾಲದ್ದು. ಕೆಳಗೆ ಹಳೆಯ ಮಿಕ್ಸರಿನ ಮೋಟರು, ಸೈಕಲ್ಲಿನ ಡೈನಮೊ, ಯಾವುದೋ ಮದುವೆಯಲ್ಲಿ ಒಡೆದ ಧ್ವನಿವರ್ಧಕದ ಅಯಸ್ಕಾಂತ.

"ರೊಟ್ಟಿ ಮಣಿ ಅಲ್ಲ ಇದು, ಕೈಗುಣದ ಮಣಿ. ಮಣ್ಣಿನ ಬೊಂಬಿ ಇದರ ಮ್ಯಾಲೆ ಇಟ್ರ ಜೀವ ಬರತೈತಿ. ಮಾಡಿದವರ ಕೈಯಾಗ ಏನೈತೋ ಹಂಗ ನಡಕೋತೈತಿ. ಮಣ್ಣು ಒಣಗೂತನಕ ನಿಲ್ಲಂಗಿಲ್ಲ."

"ಕೈಗೇನ್ ತಿಳಿತೈತ್ರಿ, ತಿಳಿಯೂದೆಲ್ಲ ತಲಿಗೆ."

"ಹಂಗಾರ ನೀ ಸಾರಿಗೆ ಉಪ್ಪು ಅಳದು ಹಾಕ್ತೀಯೇನು?"

ಸಿದ್ದವ್ವ ಬೇಳೆ ತಿರುವಿದಳು. ಅಕ್ಕೋರು ಒದ್ದೆ ಬಟ್ಟೆ ಬಿಚ್ಚಿ ತಾವೇ ಮಾಡಿದ್ದ ಮಣ್ಣಿನ ಕಪ್ಪೆಯನ್ನು ಮಣೆಯ ಮೇಲಿಟ್ಟು ಗುಂಡಿ ಒತ್ತಿದರು. ಮಣೆ ಗುಂಯ್ ಎಂದಿತು. ಕಪ್ಪೆ ಕಣ್ಣು ಬಿಟ್ಟಿತು. ಆಚೀಚೆ ನೋಡಿತು. ಆಮೇಲೆ ಮುಂದಿನ ಬಲಗಾಲನ್ನು ನೆಟ್ಟಗೆ ಮೇಲೆತ್ತಿ ಹಾಗೇ ನಿಂತಿತು.

"ಹಾರಂಗಿಲ್ಲೇನ್ರಿ ಇದು?"

"ತಡಿ." ಅಕ್ಕೋರು ಕಪ್ಪೆಯ ಕಡೆ ತಿರುಗಿ, "ಹೂಂ, ಹೋಗು," ಎಂದರು.

ಕಪ್ಪೆ ಕಾಲಿಳಿಸಿ ಒಂದೇ ನೆಗೆತಕ್ಕೆ ಉಳ್ಳಾಗಡ್ಡಿ ಬುಟ್ಟಿಯ ಮೇಲೆ ಕುಳಿತಿತು. ಕುಳಿತು ಮತ್ತೆ ಕಾಲೆತ್ತಿತು.

"ಪರವಾನಗಿ ಕೇಳಿ ಹಾರೋ ಕಪ್ಪಿ ನಾ ಎಲ್ಲೂ ನೋಡಿಲ್ಲವಾ."

"ಮಾಡಿದ್ದು ಅಕ್ಕೋರ ಕೈ, ಇನ್ನೇನ್ ಮಾಡೀತು ಅದು," ಎಂದರು ಕಸ್ತೂರಿ ಅಕ್ಕೋರು, ಹೆಮ್ಮೆಯಿಂದ.

ಸಿದ್ದವ್ವನ ಸೀರೆಯ ಹಿಂದಿನಿಂದ ಕಿಲಕಿಲ ನಗು ಕೇಳಿಸಿತು. ಇಬ್ಬರೂ ತಿರುಗಿ ನೋಡಿದರು. ನಕ್ಕಿದ್ದು ಮುತ್ತು, ಸಿದ್ದವ್ವನ ಮಗಳು. ಒಂದನೆಯ ತರಗತಿಗೆ ಹೆಸರು ಹಚ್ಚಿದ್ದರೂ ಪ್ರಾರ್ಥನೆ ಮುಗಿದ ಕೂಡಲೆ ಓಡಿಬಂದು ಅವ್ವನ ಸೆರಗು ಹಿಡಿಯುವ ಮುತ್ತು. ಅಡುಗೆಮನೆಯಲ್ಲಿ ಕುದಿಯುವ ಪಾತ್ರೆಗಳ ನಡುವೆ ಕೂಸು ಇರುವುದನ್ನು ನೋಡಿ ಹೆಡ್ ಮಾಸ್ತರರು ನಿನ್ನೆಯಷ್ಟೇ ಹೇಳಿದ್ದರು: "ಸಿದ್ದವ್ವ, ನಾಳಿ ಸುಟ್ಟುಗಿಟ್ಟುಕೊಂಡ್ರ ಏನ್ ಗತಿ? ಈ ವಾರದಾಗ ಆಕಿ ವರ್ಗದಾಗ ಕುಂದ್ರಬೇಕು. ಇಲ್ಲಂದ್ರ ಅಡಿಗಿಗೆ ಬ್ಯಾರೆಯವರನ್ನ ನೋಡಬೇಕಾಕ್ಕೈತಿ." ಅವರದೂ ಕೆಟ್ಟ ಮನಸ್ಸಲ್ಲ. ಅದಕ್ಕೇ ಸಿದ್ದವ್ವನಿಗೆ ಅವರನ್ನು ಬೈಯುವುದಕ್ಕೂ ಆಗಿರಲಿಲ್ಲ.

"ನಾಳೆ ವರ್ಗದಾಗ ಕಾಡು ಮಾಡ್ತೀವಿ," ಎಂದರು ಅಕ್ಕೋರು ಮೆಲ್ಲಗೆ. "ಮುತ್ತು ತಾನಾಗಿ ಬರತಾಳ, ನೋಡ್ತಿರು. ನೀ ಒಂದು ಉಪಕಾರ ಮಾಡು. ಕುಂಬಾರರ ಮನಿ ಮಣ್ಣು ಭಾಳ ಬಿರುಸು, ಸಣ್ಣ ಕೈಗೆ ಬಗ್ಗಂಗಿಲ್ಲ. ಚಪಾತಿ ಹಿಟ್ಟಿನಂಗ ನಾದಿ ಕೊಡು."

*

ಮರುದಿನ ಒಲೆ ಹಚ್ಚುವ ಮೊದಲು ಸಿದ್ದವ್ವ ದೊಡ್ಡ ಪರಾತದಲ್ಲಿ ಮಣ್ಣು ನಾದಿದಳು. ಹಿಟ್ಟಿಗಾದರೆ ಒಂದಿಷ್ಟು ಹೊತ್ತು ಸಾಕು, ಇದಕ್ಕೆ ಸಾಲಲಿಲ್ಲ. ಅಂಗೈಯಿಂದ ಒತ್ತಿ, ಮಡಚಿ, ಮತ್ತೆ ಒತ್ತುತ್ತ, ಮನಸ್ಸು ಎತ್ತಲೋ ಹೋಗಿತ್ತು. ಕೂಸು ವರ್ಗದಲ್ಲಿ ಕುಳಿತೀತೇ? ಮೂಗು ಸೋರಿದರೆ ಯಾರು ಒರೆಸುತ್ತಾರೆ? ಹಸಿವಾದರೆ ಬಾಯಿ ಬಿಟ್ಟು ಹೇಳೀತೇ? ಜಡೆ ಬಿಚ್ಚಿದರೆ? ಮಣ್ಣು ತಂದಿದ್ದ ಬುಟ್ಟಿಯ ತಳದಲ್ಲಿ ಗಟ್ಟಿ ಹೆಂಟೆಯೊಂದು ಉಳಿದಾಗ ಅವಳ ತೋಳು ಸೋತಿತು. ಅದನ್ನು ಹಾಗೇ ಬಿಟ್ಟಳು.

ತರಗತಿ ಕಾಡಾಗಿತ್ತು. ಬೇವಿನ ಟೊಂಗೆಗಳನ್ನು ಬೆಂಚುಗಳಿಗೆ ಕಟ್ಟಿದ್ದರು, ಅಕ್ಕೋರ ಹಸಿರು ಸೀರೆ ಗೋಡೆಯಿಂದ ಗೋಡೆಗೆ ಹರಡಿತ್ತು, ಬಕೀಟಿನ ನೀರು ಕೆರೆಯಾಗಿತ್ತು. ಮಕ್ಕಳು ನೆಲದ ಮೇಲೆ ಕುಳಿತು ಮಣ್ಣಿನ ಪ್ರಾಣಿ ಮಾಡುತ್ತಿದ್ದರು. ಮುತ್ತು ಮಾತ್ರ ಹೊಸ್ತಿಲ ಮೇಲೆ, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.

"ಅಕ್ಕೋರ, ಈ ಮೈಲಾರಿ ಕುರಿ ಮಾಡ್ಯಾನ್ರಿ," ಎಂದು ದೂರಿದಳು ರಜಿಯಾ. "ಕಾಡಿನ್ಯಾಗ ಕುರಿ ಇರತೈತೇನ್ರಿ?"

"ನಮ್ಮ ಕಾಕಾ ಹೊಡಕೊಂಡ್ ಹೋಗಿರ್ತಾನಲ," ಎಂದ ಮೈಲಾರಿ.

"ಹಂಗಾರ ನನ್ನ ಹುಲಿ ಅದನ್ನ ತಿಂತೈತಿ."

"ತಿನ್ನಲಿ ನೋಡೂಣು. ನಮ್ಮ ಕಾಕಾ ಬರತಾನ."

ರಜಿಯಾಳ ಹುಲಿ ಮೊದಲು ಮಣೆ ಏರಿತು. ಅದರ ಹಲ್ಲುಗಳು ಅದರ ತಲೆಗಿಂತ ದೊಡ್ಡವಿದ್ದವು. ಅಕ್ಕೋರು ಗುಂಡಿ ಒತ್ತಿದರು. ಹುಲಿ ಎದ್ದು ಮೈಮುರಿದು ಕುರಿಯ ಕಡೆ ನಡೆಯಿತು. ಮೈಲಾರಿ ಕಣ್ಣು ಮುಚ್ಚಿಕೊಂಡ. ಹುಲಿ ಕುರಿಯ ಮುಂದೆ ನಿಂತಿತು, ಪಂಜ ಎತ್ತಿತು, ಮತ್ತು ಕುರಿಯ ಮೂಗು ಒರೆಸಿತು.

ಮೈಲಾರಿ ಒಂದು ಕಣ್ಣು ತೆರೆದ. ಹುಲಿ ರಜಿಯಾಳ ಕಡೆ ತಿರುಗಿ ಅವಳ ಮೂಗನ್ನೂ ಒರೆಸಿ, ಕಾಲರಿನ ಗುಂಡಿ ಹಾಕಿತು.

"ಇರಲಿ, ಮುಂದಿನದು ಇಡ್ರಿ," ಎಂದರು ಅಕ್ಕೋರು. ಅವರ ದನಿ ತುಸು ಸಣ್ಣದಾಗಿತ್ತು.

ಒಂದರ ಹಿಂದೊಂದು ಪ್ರಾಣಿ ಮಣೆಯಿಂದಿಳಿದವು. ಆನೆ ಕೆರೆಯಿಂದ ಸೊಂಡಿಲಲ್ಲಿ ನೀರು ತಂದು ಎಲ್ಲರ ಕೈ ತೊಳೆಸಿತು. ತೊಳೆದಷ್ಟೂ ಕೈ ಕೆಸರಾದವು, ಆದ್ದರಿಂದ ಮತ್ತೆ ತೊಳೆಸಿತು. ಕಾಗೆ ಹುಡುಗಿಯರ ತಲೆ ಮೇಲೆ ಕುಳಿತು ಹೇನು ನೋಡತೊಡಗಿತು. ಹಾವು ಬಿಚ್ಚಿದ ಜಡೆಯೊಂದಕ್ಕೆ ತಾನೇ ರಿಬ್ಬನ್ನಾಗಿ ಸುತ್ತಿಕೊಂಡು ಹೂ ಗಂಟು ಹಾಕಿಕೊಂಡಿತು. ಕರಡಿ ಒಬ್ಬ ಹುಡುಗನನ್ನು ಮಲಗಿಸಿ, ಅವನು ಬೇಡವೆಂದರೂ ಕೇಳದೆ ಬೆನ್ನು ತಟ್ಟಿತು. ಅವನು ನಿಜವಾಗಿಯೂ ನಿದ್ದೆ ಹೋದ. ಒಣಗದಂತೆ ರಾತ್ರಿಯೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನಿನ್ನೆಯ ಕಪ್ಪೆಯೊಂದೇ ಮೂಲೆಯಲ್ಲಿ ಕಾಲೆತ್ತಿ ನಿಂತಿತ್ತು. ಅದಕ್ಕೆ ಯಾರೂ ಹೂಂ ಎಂದಿರಲಿಲ್ಲ.

ಗದ್ದಲಕ್ಕೆ ಹೆಡ್ ಮಾಸ್ತರರು ಬಂದರು. ಅವರು ಬಾಯಿ ತೆರೆಯುವಷ್ಟರಲ್ಲಿ ಹುಲಿ ಮೇಜು ಹತ್ತಿ ಅವರ ಮೂಗು ಒರೆಸಿತು.

"ಅಕ್ಕೋರ, ಏನ್ರಿ ಇದು?"

"ಕಾಡ್ರೀ ಸರ್."

"ಕಾಡು ಹಿಂಗಿರತೈತೇನ್ರಿ?"

"ಇರಂಗಿಲ್ಲರಿ," ಎಂದು ಒಪ್ಪಿಕೊಂಡರು ಅಕ್ಕೋರು.

ಅಷ್ಟರಲ್ಲಿ ಪ್ರಾಣಿಗಳೆಲ್ಲ ಒಮ್ಮೆಲೆ ಕೆಲಸ ನಿಲ್ಲಿಸಿದವು. ಮರೆತದ್ದೇನೋ ನೆನಪಾದವರ ಹಾಗೆ ಹೊಸ್ತಿಲ ಕಡೆ ತಿರುಗಿ, ಮುತ್ತುವನ್ನು ಕಂಡು, ಓಡಿದವು. ಹುಲಿ ಮೂಗಿಗೆ, ಆನೆ ಕೈಗೆ, ಕಾಗೆ ತಲೆಗೆ. ಕರಡಿಯಂತೂ ಕೂಸನ್ನು ಎತ್ತಿಕೊಳ್ಳಲು ನೋಡಿತು. ಅದು ಬದನೆಕಾಯಿಯಷ್ಟಿದ್ದುದರಿಂದ ಆಗಲಿಲ್ಲ. ಮುತ್ತು ಮಣ್ಣಿನ ಮುದ್ದಿನಲ್ಲಿ ಕಾಣದಂತಾದಳು.

"ಸಾಕು ಬಿಡ್ರಿ. ನಾನೂ ಬೊಂಬಿ ಮಾಡಬೇಕಾಗೈತಿ."

ಆ ದನಿಯನ್ನು ಶಾಲೆಯಲ್ಲಿ ಸಿದ್ದವ್ವ ಒಬ್ಬಳನ್ನು ಬಿಟ್ಟು ಯಾರೂ ಕೇಳಿರಲಿಲ್ಲ. ಮುತ್ತು ಕೊಡವಿಕೊಂಡು ಎದ್ದು, ಒಳಗೆ ಓಡಿ, ರಜಿಯಾ ಮೈಲಾರಿಯರ ನಡುವೆ ತೂರಿ ಕುಳಿತಳು. ಆದರೆ ಪ್ರಾಣಿಗಳು ಬಿಡಬೇಕಲ್ಲ. ಅವಳು ಮಣ್ಣಿಗೆ ಕೈ ಹಾಕಿದರೆ ಆನೆ ತೊಳೆಯುತ್ತಿತ್ತು, ಬಗ್ಗಿದರೆ ಹಾವು ಜಡೆ ಹಿಡಿಯುತ್ತಿತ್ತು. ಮುತ್ತು ಮಣ್ಣು ಬಿಟ್ಟು ಬಾಗಿಲ ಕಡೆ ನೋಡತೊಡಗಿದಳು. ಇನ್ನೊಂದು ಗಳಿಗೆಯಾದರೆ ಅವಳು ಎದ್ದು ಮತ್ತೆ ಅಡುಗೆಮನೆಗೇ ಓಡುತ್ತಾಳೆ.

ಸಿದ್ದವ್ವ ಕಿಟಕಿಯಿಂದ ಎಲ್ಲ ನೋಡುತ್ತಿದ್ದಳು. ಹುಲಿಯ ಪಂಜ ಮೂಗಿನ ಕೆಳಗಿನಿಂದ ಮೇಲಕ್ಕೆ, ಕೊನೆಗೆ ಸಣ್ಣದೊಂದು ತಿರುವು. ಆ ತಿರುವು ಎಲ್ಲೋ ನೋಡಿದ್ದು ಎನಿಸಿತು. ತನ್ನ ಬಲಗೈಯನ್ನು ನೋಡಿಕೊಂಡಳು.

"ಸಿದ್ದವ್ವ," ಅಕ್ಕೋರು ಕಿಟಕಿಗೆ ಬಂದಿದ್ದರು. "ಮಣ್ಣು ನಾದುವಾಗ ಏನ್ ವಿಚಾರ ಮಾಡಾಕತ್ತಿದ್ದಿ?"

"ಏನಿಲ್ರಿ." ಅವಳ ಕಣ್ಣು ಮಗಳ ಕಡೆಗೇ ಇತ್ತು.

"ಅದ ಆತು ನೋಡು. ಹುಡುಗರು ಒಂದಿಷ್ಟು ಒತ್ಯಾರ. ನೀ ಮುಂಜಾನೆಲ್ಲ ನಾದೀದಿ. ಮಣಿ ದೊಡ್ಡ ಕೈ ಮಾತು ಕೇಳೈತಿ. ನಾನ ಹೇಳಿದ್ದು ನಾದು ಅಂತ, ತಪ್ಪು ನಂದ." ಅಕ್ಕೋರು ಸೆರಗಿನಿಂದ ಬೆವರು ಒರೆಸಿಕೊಂಡರು. "ಒಣಗೂತನಕ ಇವು ನಿಲ್ಲಂಗಿಲ್ಲ. ನೀ ಒಳಗ ಬಾ. ನಿನ್ನ ಕೈ ಹೇಳಿದ್ರ ಕೇಳ್ಯಾವು."

ಸಿದ್ದವ್ವ ಹೊಸ್ತಿಲಿಗೆ ಬಂದಳು. ಪ್ರಾಣಿಗಳೆಲ್ಲ ಅವಳತ್ತ ನೋಡಿದವು. ಮುತ್ತುವಿನ ಮೂಗು ನಿಜವಾಗಿಯೂ ಸೋರುತ್ತಿತ್ತು. ಸಿದ್ದವ್ವನ ಕೈ ತಾನಾಗಿ ಸೆರಗಿಗೆ ಹೋಯಿತು. ಅಷ್ಟಕ್ಕೇ ಹುಲಿಯೂ ಪಂಜ ಎತ್ತಿತು. ಅವಳು ಕೈಯನ್ನು ಅಲ್ಲೇ ತಡೆದಳು. ಕಷ್ಟಪಟ್ಟು, ಬೇರೆ ಯಾರದೋ ಕೈಯನ್ನು ಎಳೆದ ಹಾಗೆ, ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

ಹುಲಿ ಪಂಜ ಇಳಿಸಿತು. ಆನೆ ಸೊಂಡಿಲನ್ನು ಬೆನ್ನಿಗೆ ಸುತ್ತಿತು. ಕಾಗೆ ರೆಕ್ಕೆಗಳನ್ನು ಹಿಂದೆ ಮಡಚಿತು. ಕಾಡು ಕೈಕಟ್ಟಿ ನಿಂತಿತು.

ಮುತ್ತು ತನ್ನ ಮೂಗನ್ನು ತಾನೇ ಲಂಗದಿಂದ ಒರೆಸಿಕೊಂಡಳು. ಪೂರ್ತಿ ಹೋಗಲಿಲ್ಲ. ಸಿದ್ದವ್ವ ಬೆರಳುಗಳನ್ನು ಇನ್ನಷ್ಟು ಬಿಗಿ ಹಿಡಿದಳು.

ನಾದಿದ ಮಣ್ಣು ಖಾಲಿಯಾಗಿತ್ತು. ಬುಟ್ಟಿಯಲ್ಲಿ ಅವ್ವ ಬಿಟ್ಟಿದ್ದ ಬಿರುಸು ಹೆಂಟೆಯೊಂದೇ ಇತ್ತು. ಮುತ್ತು ಅದಕ್ಕೆ ನೀರು ಚಿಮುಕಿಸಿ, ನಾಲಿಗೆ ಹೊರಚಾಚಿ, ಮೊಣಕಾಲೂರಿ, ಇಡೀ ಮೈಭಾರ ಹಾಕಿ ತಾನೇ ಒತ್ತಿದಳು. ಬಹಳ ಹೊತ್ತಿನ ಮೇಲೆ ಒಂದು ಬೊಂಬೆಯಾಯಿತು. ತಲೆ ದೊಡ್ಡದು, ಒಂದು ಕೈ ಗಿಡ್ಡ.

"ಇದ್ಯಾವ ಪ್ರಾಣಿ ಮುತ್ತು?" ಎಂದು ಕೇಳಿದರು ಹೆಡ್ ಮಾಸ್ತರರು.

"ಪ್ರಾಣಿ ಅಲ್ರಿ. ಅವ್ವ."

ಮಣೆ ಗುಂಯ್ ಎಂದಿತು. ಮಣ್ಣಿನ ಅವ್ವ ಎದ್ದಿತು. ಯಾರ ಮೂಗನ್ನೂ ಒರೆಸಲಿಲ್ಲ, ಯಾರ ಜಡೆಯನ್ನೂ ಮುಟ್ಟಲಿಲ್ಲ. ನೇರವಾಗಿ ಹೊಸ್ತಿಲು ದಾಟಿ, ಅಡುಗೆಮನೆಗೆ ಹೋಗಿ, ಕಟ್ಟೆ ಹತ್ತಿ, ಕಡ್ಡಿಯೊಂದನ್ನು ಹಿಡಿದು ಸಾರಿನ ಪಾತ್ರೆಯ ಪಕ್ಕ ಕುಳಿತಿತು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.

ಮುತ್ತು ಕಿಟಕಿಯಿಂದ ಇಣುಕಿ, ಅವ್ವ ಎಲ್ಲಿರಬೇಕೋ ಅಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಮೈಲಾರಿಯ ಕಡೆ ತಿರುಗಿ, "ನಿಮ್ಮ ಕಾಕಾನ್ನ ಮಾಡೂಣೇನು?" ಎಂದಳು.

"ಕುಂತಾಳಲ್ಲ," ಎಂದರು ಹೆಡ್ ಮಾಸ್ತರರು, ಮೂಗಿನ ಮೇಲಿನ ಮಣ್ಣನ್ನು ಮರೆತು. ಹೋಗುವಾಗ ಮೂಲೆಯ ಕಪ್ಪೆಯನ್ನು ಕಂಡು, "ಹೂಂ, ಹೋಗಪಾ," ಎಂದರು. ಅದು ಇಡೀ ಕಾಡನ್ನು ಹಾರಿ ದಾಟಿ ಅವರ ಜೇಬಿಗಿಳಿಯಿತು.

ಮಧ್ಯಾಹ್ನ ಪ್ರಾಣಿಗಳೆಲ್ಲ ಮಕ್ಕಳೊಂದಿಗೆ ಪಂಕ್ತಿಯಲ್ಲಿ ಕುಳಿತು, ಉಣ್ಣದವರ ತಟ್ಟೆ ನೋಡುತ್ತ ಮೆಲ್ಲಗೆ ಒಣಗಿದವು. ಸಾರು ಎಂದಿಗಿಂತ ಹದವಾಗಿದೆಯೆಂದು ಹೆಡ್ ಮಾಸ್ತರರು ಎರಡು ಸಲ ಬಡಿಸಿಕೊಂಡರು. ಸಿದ್ದವ್ವ ಉಪ್ಪಿನ ಡಬ್ಬಿ ನೋಡಿದಳು, ಮುಚ್ಚಳದ ಮೇಲೆ ಸಣ್ಣದೊಂದು ಮಣ್ಣಿನ ಕೈಗುರುತಿತ್ತು. ಬೆಳಗಿನ ಗದ್ದಲದಲ್ಲಿ ಅವಳು ಸಾರಿಗೆ ಉಪ್ಪು ಹಾಕಿಯೇ ಇರಲಿಲ್ಲ.