ಫ್ಲ್ಯಾಶ್ ಇಲ್ಲದ ಫೋಟೊ ಮತ್ತು ನನ್ನ ಮೂರು ಸೆಲ್ಲಿನ ಬ್ಯಾಟರಿ

ಮೊಮ್ಮಕ್ಕಳಿಗೆ ಉಪಕಾರ ಮಾಡುವ ಚಪಲ ಮುದುಕಿಯರಿಗೆ ಹತ್ತಿದರೆ, ಮನೆಯವರು ಮೊದಲು ಅವರ ಕೈಯಲ್ಲಿರುವುದನ್ನು ಕಸಿದುಕೊಳ್ಳಬೇಕು. ಅಂದು ನನ್ನ ಕೈಯಲ್ಲಿ ಮೂರು ಸೆಲ್ಲಿನ ಬ್ಯಾಟರಿ ಟಾರ್ಚು ಇತ್ತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಕ್ಯಾಮೆರಾ ಎಂದರೆ ಮದುವೆ ಮನೆಯಲ್ಲಿ ಫಳ್ಳೆಂದು ಮಿಂಚಿ, ನಾನು ಕಣ್ಣು ಮುಚ್ಚಿದಾಗಲೇ ಫೋಟೊ ಹೊಡೆಯುವ ಯಂತ್ರ. ಮೊಮ್ಮಗಳು ಸುಧಾಳ ಕೆಲಸ ಹಾಗಲ್ಲ. ಕೊಟ್ಟೂರಿನ ಕಾಲೇಜು ಬಯಲಿನಲ್ಲಿ ರಾಕ್ ತಂಡವೊಂದು ಹಾಡುವುದಿತ್ತು. ಇವಳ ಫೋಟೊ ಚೆನ್ನಾಗಿ ಬಂದರೆ ಅವರ ಹೊಸ ಹಾಡಿಗೆ ಅದೇ ಮುಖಚಿತ್ರ, ಕೆಳಗೆ ಇವಳ ಹೆಸರು. ಆದರೆ ಮೊದಲ ಮೂರು ಹಾಡಿನೊಳಗೇ ತೆಗೆಯಬೇಕು, ಫ್ಲ್ಯಾಶ್ ಹಾಕುವಂತಿಲ್ಲ ಎಂಬುದು ತಂಡದವರ ಕಟ್ಟಳೆ. "ಬೆಳಕಿಲ್ದ ಎಂಥಾ ಫೋಟೊ ಬರ್ತೈತಲೇ?" ಎಂದೆ. ನನಗೆ ಅನ್ನವೇ ಸೇರಲಿಲ್ಲ. ಹಡಗಲಿಯಿಂದ ಬಸ್ಸಿನಲ್ಲಿ ನಾನೂ ಜೊತೆಗೆ ಹೊರಟೆ, ಸೊಂಟಕ್ಕೆ ಬ್ಯಾಟರಿ ಸಿಕ್ಕಿಸಿಕೊಂಡು.

ಎರಡು ಹಾಡು ಮುಗಿದವು. ಡ್ರಮ್ಮಿನ ಏಟು ನನ್ನ ಎದೆಗೇ ಬೀಳುತ್ತಿತ್ತು. ಮೂರನೆಯದಕ್ಕೆ ವೇದಿಕೆಯೆಲ್ಲ ಕತ್ತಲಾಯಿತು. ಕರೆಂಟು ಹೋಯಿತು ಎಂದುಕೊಂಡೆ. ನಮ್ಮೂರ ನಾಟಕದಲ್ಲಿ ಕರೆಂಟು ಹೋದರೆ ಮುಂದೆ ಕೂತವರೆಲ್ಲ ಬ್ಯಾಟರಿ ಹಿಡಿದು ಆಟ ನಡೆಸುವುದು ರೂಢಿ. ನಾನೂ ಗುಂಡಿ ಒತ್ತಿ ಹಾಡುಗಾರನ ಮುಖಕ್ಕೇ ಹಿಡಿದೆ. ಪಾಪ, ಗಿಟಾರು ಬಿಟ್ಟು ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡ.

"ಏ ಅಜ್ಜಿ, ಆರಿಸಬೇ! ಇದೊಂದ ಹಾಡು ಉಳದೈತಿ!" ಸುಧಾಳ ದನಿಯಲ್ಲಿ ಅಳುವಿತ್ತು.

"ಕತ್ಲಾಗ ನಿನಗೇನ್ ಕಾಣ್ತೈತವ್ವ?"

"ನಸಿಕಿನ್ಯಾಗ ಮಲ್ಲಿಗಿ ಬಿಡಸ್ತಿಯಲ್ಲ, ಬ್ಯಾಟ್ರಿ ಹಿಡ್ಕಂಡ ಬಿಡಸ್ತಿಯೇನು?"

ಬ್ಯಾಟರಿ ಆರಿಸಿ ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡೆ. ನಿಜವೇ. ಕತ್ತಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ ಮೊಗ್ಗು ತಾನೇ ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಅವಳೂ ಹಾಗೇ ಉಸಿರು ಹಿಡಿದು ನಿಂತಳು. ಹಾಡುಗಾರ ಮತ್ತೆ ದನಿ ಎತ್ತಿ ತಲೆ ಹಿಂದಕ್ಕೆಸೆದ. ಎಲ್ಲಿಂದಲೋ ಒಂದೇ ಒಂದು ಕೆಂಪು ಬೆಳಕು ಅವನ ಬೆವರಿದ ಕೆನ್ನೆಯ ಮೇಲೆ ಬಿತ್ತು. ಕ್ಲಿಕ್!

ಆ ಫೋಟೊವೇ ಮುಖಚಿತ್ರವಾಗಿ ನಿನ್ನೆ ಮೊಬೈಲಿಗೆ ಬಂತು. ಕೆಳಗಿನ ಹೆಸರನ್ನು ಕೂಡಿಸಿ ಓದಿದೆ. ಎರಡೇ ಅಕ್ಷರ. ಓಣಿಯ ಪ್ರತಿ ಮನೆಯಲ್ಲೂ ನಿಂತು ಮತ್ತೆ ಮತ್ತೆ ಓದಿ ಬಂದೆ. ಮನೆಗೆ ಬಂದರೆ ಅಡುಗೆಮನೆಯ ಮಬ್ಬಿನಲ್ಲೇ ಸುಧಾ ನನ್ನತ್ತ ಕ್ಯಾಮೆರಾ ಎತ್ತಿದಳು.

"ತಡಿಯವ್ವ, ಲೈಟ್ ಹಾಕ್ತೀನಿ."

"ಬ್ಯಾಡಬೇ. ನೀ ನಗಾಕತ್ತಿಯಲ್ಲ, ಹಲ್ಲಿನ ಬೆಳಕ ಸಾಕು."

ನನಗಿರುವುದು ಎರಡೇ ಹಲ್ಲು. ಫೋಟೊ ಮಾತ್ರ ಲಕಲಕ ಹೊಳೆಯುತ್ತಿದೆ.