ಮೋಡದ ಮೇಲಿನ ನಾಲಿಗೆ

ಪ್ರಯಾಣ ಹೊರಟ ಮನುಷ್ಯನೇ ಬೇರೆ, ಮನೆಯಲ್ಲಿರುವ ಮನುಷ್ಯನೇ ಬೇರೆ. ಮನೆಯಲ್ಲಿ ಶೇಂಗಾ ಕಂಡರೆ ಪಿತ್ತ ಎನ್ನುವವರು ರೈಲು ಹತ್ತಿದ ಕೂಡಲೇ ಪೊಟ್ಟಣದ ಮೇಲೆ ಪೊಟ್ಟಣ ಬಿಚ್ಚುತ್ತಾರೆ. ಹುನಗುಂದದ ನಮ್ಮ ಭಾವನವರು ಊರಲ್ಲಿ ಪೇಪರ್ ಮುಟ್ಟುವವರಲ್ಲ. ಬಸ್ಸಿನಲ್ಲಿ ಕೂತರೆ ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದುತ್ತಾರೆ. ನನ್ನದೂ ಅಂಥದೇ ಒಂದು ಚಾಳಿ. ನೆಲದ ಮೇಲಿರುವಾಗ ನಾನು ಒಂದು ಹನಿ ಮುಟ್ಟುವವನಲ್ಲ. ವಿಮಾನದಲ್ಲಿ ಮಾತ್ರ, ಅದೂ ಎಂಟ್ಹತ್ತು ತಾಸು ಹಾರುವ ದೂರದ ವಿಮಾನದಲ್ಲಿ ಮಾತ್ರ, ಸ್ಕಾಚ್ ವಿಸ್ಕಿ ಕುಡಿಯುತ್ತೇನೆ. ಕುಡಿಯುತ್ತೇನೆ ಅಂದರೆ ಸ್ವಲ್ಪ ಒರಟಾಯಿತು, ರುಚಿ ನೋಡುತ್ತೇನೆ ಅನ್ನಿ.

ಇಳಕಲ್ಲಿನಲ್ಲಿ ನನಗೊಂದು ಗ್ರಾನೈಟ್ ಪಾಲಿಶ್ ಕಾರ್ಖಾನೆ ಇದೆ. ವರ್ಷಕ್ಕೊಮ್ಮೆ ಕೆಂಪು ಕಲ್ಲಿನ ಮಾದರಿ ತುಂಡುಗಳನ್ನು ಚೀಲಕ್ಕೆ ತುಂಬಿಕೊಂಡು ಯುರೋಪಿನ ಕಲ್ಲಿನ ಮೇಳಕ್ಕೆ ಹೋಗುತ್ತೇನೆ. ಮೊದಲ ಸಲ ಗಗನಸಖಿ ಅಂಗೈಯಷ್ಟು ಬಾಟಲಿ ಮುಂದಿಟ್ಟಾಗ, ಅದು ಪುಕ್ಕಟೆ ಎಂದು ತಿಳಿದ ಮೇಲೆ, ಬೇಡ ಅನ್ನಲು ಬಾಯಿ ಬರಲಿಲ್ಲ. ಪಕ್ಕದ ಸೀಟಿನ ವಿದೇಶಿ ಮುದುಕರೊಬ್ಬರು ನನಗೆ ಗುರುಗಳಾದರು. ಮೊದಲು ಮೂಸಬೇಕು, ಎರಡು ಹನಿ ನೀರು ಬೆರೆಸಬೇಕು, ನಾಲಿಗೆಯ ಮೇಲೆ ಹೊರಳಾಡಿಸಬೇಕು. ಅಷ್ಟು ಎತ್ತರದಲ್ಲಿ ಒಣಗಾಳಿಗೆ ಮೂಗು, ನಾಲಿಗೆ ಎರಡೂ ಅರ್ಧ ಮಲಗಿರುತ್ತವೆ, ಅಲ್ಲಿ ರುಚಿ ಹಿಡಿದವನೇ ಗಟ್ಟಿಗ ಎಂದರು. ಕೆಲವು ಪ್ರಯಾಣಗಳಲ್ಲೇ ನಾನು ಜೇನು, ಸೇಬಿನ ಸಿಪ್ಪೆ, ಹಳೆಯ ಕಟ್ಟಿಗೆ, ಒಲೆಯ ಹೊಗೆ ಎಲ್ಲವನ್ನೂ ಬೇರೆ ಬೇರೆಯಾಗಿ ಹಿಡಿಯತೊಡಗಿದೆ. ಹೆಮ್ಮೆಯೋ ಹೆಮ್ಮೆ! ಆದರೆ ಹೇಳಿಕೊಳ್ಳುವುದು ಯಾರ ಮುಂದೆ? ಊರಲ್ಲಿ ನನ್ನ ಹೆಸರು ಹಾಗಿದೆ. ಮದುವೆಮನೆಗಳಲ್ಲಿ ಗಂಡಸರು ಒಬ್ಬೊಬ್ಬರಾಗಿ ಹಿತ್ತಲ ಕಡೆ ಜಾರುವಾಗ ಹೆಂಗಸರು ನನ್ನ ಹೆಂಡತಿ ಗಿರಿಜಾಗೆ, "ನಿಮ್ಮ ಮನಿಯವ್ರು ಬಂಗಾರದಂಥಾ ಮನಷ್ಯಾ ನೋಡ್ರಿ" ಅನ್ನುತ್ತಾರೆ. ಗಿರಿಜಾ ಬೀಗುತ್ತಾಳೆ. ಆ ಹೆಸರು ಕೆಡಬಾರದು ಎನ್ನುವುದೊಂದೇ ನನ್ನ ಚಿಂತೆ.

ಈ ಸಲ ಗಿರಿಜಾ ತಾನೂ ಬರುತ್ತೇನೆಂದು ಹೊರಟುಬಿಟ್ಟಳು. ವಿಮಾನದಲ್ಲಿ ಕಿಟಕಿಗೆ ಅವಳು, ನಡುವೆ ನಾನು, ನನ್ನ ಈಚೆಗೆ ಬಾದಾಮಿಯಲ್ಲಿ ಲಾಡ್ಜ್ ನಡೆಸುವ ಯಜಮಾನರೊಬ್ಬರು. "ಫಾರಿನ್ ಮಂದಿ ನಮ್ಮ ಗವಿ ನೋಡಾಕ ಬರ್ತಾರ. ನಾವೂ ಒಮ್ಮೆ ಅವ್ರ ಊರು ನೋಡಬೇಕಲ್ರಿ" ಎಂದು ಪ್ರವಾಸ ಹೊರಟಿದ್ದರು. ಪಾನೀಯದ ಗಾಡಿ ಬಂತು. ನಾನು ಸನ್ಯಾಸಿಯ ಮುಖ ಮಾಡಿಕೊಂಡು ಕಿತ್ತಳೆ ರಸ ಕೇಳಿದೆ. ಯಜಮಾನರು ವಿಸ್ಕಿ ಇಸಿದುಕೊಂಡರು. ಹೊಟ್ಟೆ ಉರಿದರೂ ಹಲ್ಲು ಕಚ್ಚಿ ಕೂತೆ. ಆದರೆ ಪುಣ್ಯಾತ್ಮರು ಆ ವಿಸ್ಕಿಗೆ ಸುರಿಯಲೆಂದು ಕೋಲಾ ಡಬ್ಬಿ ಎತ್ತಿದರು ನೋಡಿ, ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು.

"ಅಯ್ಯಯ್ಯ, ಕೋಲಾ ಬ್ಯಾಡ್ರಿ ಯಜಮಾನ್ರ!"

"ಮತ್ತೇನ್ ಹಾಕಬೇಕ್ರಿ?"

ಗಿರಿಜಾ ಹೆಡ್‌ಫೋನ್ ಏರಿಸಿಕೊಂಡು ಸಿನಿಮಾ ನೋಡುತ್ತಿದ್ದಾಳೆ ಎಂಬ ಧೈರ್ಯ ಬೇರೆ. ನನ್ನ ಉಪನ್ಯಾಸ ಶುರುವಾಯಿತು. "ಇದು ಬ್ಲೆಂಡೆಡ್ ನೋಡ್ರಿ, ಬ್ಯಾರೆ ಬ್ಯಾರೆ ವಿಸ್ಕಿ ಕೂಡಿಸಿದ್ದು. ನಮ್ಮ ಇಳಕಲ್ ಸೀರಿ ಇದ್ದಂಗ. ಮೈಗೆ ಒಂದ್ ನೂಲು, ಸೆರಗಿಗೆ ಒಂದ್ ನೂಲು, ಕೂಡಿಸಿದ್ದು ಮಾತ್ರ ಗೊತ್ತಾಗಬಾರ್ದು. ಮೊದ್ಲ ಮೂಸ್ರಿ. ಜೇನು ಬಂತಿಲ್ಲೋ? ಈಗ ಎರಡ ಹನಿ ನೀರು. ಲಗೂ ನುಂಗಬ್ಯಾಡ್ರಿ, ನಾಲಿಗಿ ಮ್ಯಾಲ ಆಡಸ್ರಿ. ಕಡೀಕ ಹೊಗಿ ಬರ್ತೈತಿ, ತಡೀರಿ, ಬರ್ತೈತಿ..."

"ಬಂತ್ರೀ!" ಎಂದು ಯಜಮಾನರು ಕಣ್ಣು ಮುಚ್ಚಿ ಕೂಗಿದರು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುತ್ತ ಆ ಕಡೆ ತಿರುಗಿದರೆ ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ಹೆಡ್‌ಫೋನಿನ ವೈರು ಅವಳ ಮಡಿಲಲ್ಲಿ ಬಿದ್ದಿತ್ತು. ಎಲ್ಲಿ ಚುಚ್ಚಬೇಕೆಂದು ತಿಳಿಯದೆ ಅವಳು ಆಗಿನಿಂದಲೂ ಸದ್ದಿಲ್ಲದ ಸಿನಿಮಾ ನೋಡುತ್ತಿದ್ದಳಂತೆ.

"ಕುಡದದ್ದಕ್ಕ ಆಮ್ಯಾಲೆ ಬೈತೇನಿ," ಅಂದಳು. "ಮೊದ್ಲ ಇದನ್ನ ಹೇಳ್ರಿ. ಯಾವನೋ ಮಾಡಿದ್ದರಾಗ ಜೇನು, ಹೊಗಿ ಎಲ್ಲಾ ಗೊತ್ತಾಗೋ ನಾಲಿಗಿ, ನಾ ಮಾಡಿದ್ದಕ್ಕ ಮದುವ್ಯಾದಾಗಿಂದ ಬರೇ 'ಛಲೋ ಆಗೇತಿ' ಅಂತೈತೆಲ್ಲ, ಯಾಕ? ಮೊನ್ನಿ ಸಾರಿಗೆ ಉಪ್ಪ ಹಾಕೋದ ಮರ್ತಿದ್ದೆ. ಅದಕ್ಕೂ 'ಛಲೋ ಆಗೇತಿ' ಅಂದ್ರಿ."

ಬೈದಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಇದಕ್ಕೆ ಮಾತ್ರ ನನಗೆ ನಿಜವಾಗಿಯೂ ನಾಚಿಕೆಯಾಯಿತು. ಕೊನೆಗೆ ಅವಳೇ ರಾಜಿಗೆ ಬಂದಳು. "ಇನ್ನ ಮ್ಯಾಲೆ ನನ್ನ ಅಡಗಿಗೂ ಹಿಂಗ ಬಿಡಿಸಿ ಹೇಳಬೇಕು. ಹೇಳಿದ್ರ ಈ ಮಾತು ಇಲ್ಲೇ ಬಿಡ್ತೇನಿ. ಇಲ್ಲಂದ್ರ ಇಳಕಲ್ ತುಂಬ ನಾನ ಸಾರ್ತೇನಿ." ಒಪ್ಪದೆ ಇನ್ನೇನು ಮಾಡಲಿ?

ಮರಳಿ ಬಂದ ದಿನ ಮಧ್ಯಾಹ್ನ ತಾಟಿಗೆ ರೊಟ್ಟಿ, ಪುಂಡಿಪಲ್ಯ ಬಿತ್ತು. ಮೂಸಿದೆ. ನಾಲಿಗೆಯ ಮೇಲೆ ಹೊರಳಾಡಿಸಿದೆ. ಕಣ್ಣು ಮುಚ್ಚಿದೆ. "ಮೊದ್ಲ ಹುಳಿ ಬರ್ತೈತಿ. ಅದರ ಹಿಂದ ಬಳ್ಳೊಳ್ಳಿ. ನಡುವ ಜ್ವಾಳದ ನುಚ್ಚು ಹಲ್ಲಿಗೆ ಸಿಗ್ತೈತಿ. ಕಡೀಕ ಖಾರ ಗಂಟಲದಾಗ ಹಂಗ ನಿಲ್ತೈತಿ. ಗಿರಿಜಾ, ಇದು ನಿನ್ನ ಕೈಗಷ್ಟ ಬರೋ ರುಚಿ!"

"ಭಾಳ ಛಂದ ಹೇಳಿದ್ರಿ," ಅಂದಳು ಗಿರಿಜಾ. "ಆದ್ರ ಇದು ಮೂಲ್ಯಾಗಿನ ಖಾನಾವಳಿ ಅಕ್ಕಾರ ಕೈರುಚಿ. ಬ್ಯಾಗ್ ಬಿಚ್ಚೋದ್ರಾಗ ನಾ ಅಡಗಿ ಎಲ್ಲಿ ಮಾಡ್ಲಿ? ಹೋಗ್ರಿ, ಇದನ್ನೆಲ್ಲಾ ಅವ್ರಿಗೇ ಹೇಳಿ ಬರ್ರಿ. ಪಾಪ, ಅವ್ರಿಗೂ ಯಾರೂ ಹೇಳಿರಾಂಗಿಲ್ಲ."

ಹೋದೆ. ಊಟದ ಹೊತ್ತು, ಲಾರಿ ಡ್ರೈವರುಗಳು, ಸೀರೆ ಅಂಗಡಿಯವರು, ನನ್ನದೇ ಕಾರ್ಖಾನೆಯ ಇಬ್ಬರು, ಎಲ್ಲ ಅಲ್ಲಿದ್ದರು. ಅಕ್ಕನ ಮುಂದೆ ನಿಂತು ಹುಳಿಯಿಂದ ಹಿಡಿದು ಖಾರದವರೆಗೆ, ಕಣ್ಣು ಮುಚ್ಚಿ, ಕೈ ಆಡಿಸುತ್ತ, ಏನೂ ಬಿಡದೆ ಹೇಳಿದೆ. ಕಣ್ಣು ಬಿಟ್ಟಾಗ ಎಲ್ಲರ ತುತ್ತೂ ನಿಂತಿತ್ತು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು, ಮೂಗಿಗೆ ಸೆರಗು ಹಿಡಿದು, ಒಳಗಿದ್ದ ಗಂಡನನ್ನು ಕೂಗಿದರು: "ರೀ, ಲಗೂನ ಹೊರಗ ಬರ್ರಿ! ಕಲ್ಲಿನ ಸಾವ್ಕಾರ್ರು ಹಾಡಹಗಲ ಏರಿಸಿ ಬಂದಾರ. ಕೈ ಹಿಡದು ಮೆಲ್ಲಕ ಮನಿಗೆ ಮುಟ್ಟಿಸಿ ಬರ್ರಿ!"

ಇಷ್ಟು ವರ್ಷ ಮೋಡದ ಮೇಲೆ ಕೂತು ಕುಡಿದಾಗ ಊರಿನ ಒಂದು ನರಪಿಳ್ಳೆಗೂ ಸುಳಿವು ಸಿಕ್ಕಿರಲಿಲ್ಲ. ಪುಂಡಿಪಲ್ಯ ತಿಂದ ದಿನ ನಡು ಬಜಾರಿನಲ್ಲಿ ನನ್ನನ್ನು ಕೈ ಹಿಡಿದು ನಡೆಸಿಕೊಂಡು ಬಂದರು. ನಾನೂ ಅಷ್ಟೇ, ಯಾಕೋ ಏನೋ, ಮನೆ ಮುಟ್ಟುವ ತನಕ ಹೆಜ್ಜೆ ನೋಡಿ ನೋಡಿ ಇಡುತ್ತಿದ್ದೆ.