ವಿಶ್ರಾಂತಿ ಕೋಣೆಯಲ್ಲಿ ಮೇಸ್ತ್ರಿ

ಎಲ್ಲಾ ಶುರುವಾದದ್ದು ವಿಶ್ರಾಂತಿ ಕೋಣೆಯಿಂದ. ಗುಲಾಬಿ ತೋಟದ ಕೆಲಸದವರು ಮಧ್ಯಾಹ್ನ ಕಾಲು ಚಾಚಲೆಂದು ಕಟ್ಟಿಸಿದ ಕೋಣೆಯಲ್ಲಿ ಮೂರು ವರ್ಷದಿಂದ ಕಾಲು ಚಾಚಿದ್ದವು ಗೊಬ್ಬರದ ಮೂಟೆಗಳು. ಕೆಲಸದವರ ಸೌಕರ್ಯದ ತಪಾಸಣೆಗೆ ಇವತ್ತೇ ಬರುತ್ತೇವೆಂದು ಬೆಳಿಗ್ಗೆ ಆರಕ್ಕೆ ಫೋನ್ ಬಂತು.

"ಕೆಲಸದೋರನ್ನ ಚೆನ್ನಾಗಿ ನೋಡ್ಕೋತಾರೆ ಅಂತ ಅವರು ಬರ್ಕೊಟ್ರೆ, ನಾಳೆಯಿಂದ ನಿಂಗೆ ನಾಲ್ಕು ದಿನ ರಜೆ," ಎಂದರು ಯಜಮಾನರು.

ತೋಟದ ಕೆಲಸ ನೋಡಿಕೊಳ್ಳುವ ಮೇಸ್ತ್ರಿಯ ಕಿವಿ ನೆಟ್ಟಗಾಯಿತು. ತಂಗಿ ಹೆತ್ತು ಎಂಟು ತಿಂಗಳಾಗಿತ್ತು. ಸೋದರಮಾವ ಎನಿಸಿಕೊಂಡವನು ಮಗುವಿನ ಮುಖ ಕಂಡದ್ದು ಫೋನಿನಲ್ಲಿ ಮಾತ್ರ. "ಅದರ ಹಾಲುಹಲ್ಲು ಬಿದ್ಮೇಲೆ ಬಾ," ಎಂದು ತಂಗಿ ಚುಚ್ಚಿದ್ದಳು.

ಆಗಿನಿಂದ ಅವನದು ಕಾಲು ಸುಟ್ಟ ಬೆಕ್ಕಿನ ಓಡಾಟ. ಮೂವತ್ತು ಮೂಟೆಯನ್ನು ಒಬ್ಬನೇ ಹೊತ್ತು ಹೊರಗೆ ಹಾಕಿದ. ಕೈಜೋಡಿಸಲು ಬಂದವರನ್ನು, "ಮುಟ್ಬೇಡಿ, ನಿಮಗೆ ಸುಸ್ತಾದ್ರೆ ನನ್ನ ಕತೆ ಮುಗೀತು," ಎಂದು ಗದರಿ ಓಡಿಸಿದ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಹಲ್ಲಿಯೊಂದು ಸಂಸಾರ ಹೂಡಿತ್ತು, ಅದನ್ನು ಒಕ್ಕಲೆಬ್ಬಿಸಿದ. ದೂರು ಪೆಟ್ಟಿಗೆಯ ಬೀಗದಕೈ ಸಿಗದೆ ಬೀಗ ಒಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡ. ಇದ್ದದ್ದು ಒಂದೇ ಬ್ಯಾಂಡೇಜು. ಅದನ್ನು ಚಿಕಿತ್ಸೆಯ ಪೆಟ್ಟಿಗೆಯಲ್ಲಿ ತೋರಿಸಬೇಕಲ್ಲ, ಬೆರಳನ್ನು ಬಾಯಲ್ಲಿಟ್ಟುಕೊಂಡ. ಕೈಗವಸು ಒಂದು ಜೊತೆ ಕಡಿಮೆ ಬಿದ್ದಾಗ ತನ್ನದನ್ನೇ ಬಿಚ್ಚಿಕೊಟ್ಟ.

ಮಧ್ಯಾಹ್ನ ತಪಾಸಣೆಯ ಮೇಡಂ ಬಂದರು. ಕೋಣೆ ನೋಡಿದರು, ಪೆಟ್ಟಿಗೆಗಳನ್ನು ತೆರೆದರು. ಎಲ್ಲದಕ್ಕೂ ಟಿಕ್ ಬಿತ್ತು. ಮೇಸ್ತ್ರಿ ಮನಸ್ಸಿನಲ್ಲೇ ಬಸ್ಸು ಹತ್ತಿದ್ದ.

ಕೊನೆಗೆ ಮೇಡಂ ಕೆಲಸದವರಲ್ಲಿ ಎಲ್ಲರಿಗಿಂತ ಹಿರಿಯಳಾದ ಕನ್ನಡಕದಜ್ಜಿಯನ್ನು ಕೇಳಿದರು, "ಇಲ್ಲಿ ಯಾರಿಗಾದ್ರೂ ತೊಂದರೆ ಇದ್ಯಾ? ಹೆದರ್ಕೋಬೇಡಿ."

"ನಮಗೇನಿಲ್ಲಮ್ಮ, ಹೊತ್ತಿಗೆ ಊಟ, ಹೊತ್ತಿಗೆ ಮನೆ," ಎಂದಳು ಅಜ್ಜಿ. ಅಲ್ಲಿಗೇ ನಿಲ್ಲಿಸಿದ್ದರೆ ಅವಳ ಗಂಟೇನು ಹೋಗುತ್ತಿತ್ತು? "ಪಾಪ, ನಮ್ ಮೇಸ್ತ್ರಿನ ಕೇಳೋರಿಲ್ಲ. ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ, ಒಂದು ಗಳಿಗೆ ಕೂತಿಲ್ಲ. ಕೈ ತೋರ್ಸಪ್ಪ."

ಮೇಸ್ತ್ರಿ ಕೈ ಹಿಂದಕ್ಕೆ ಎಳೆದುಕೊಂಡ. "ಇಲ್ಲ ಮೇಡಂ, ನಂಗೆ ಕೂತ್ರೇನೇ ಸುಸ್ತು."

ಮೇಡಂ ಅವನ ಕೈ ಮುಂದಕ್ಕೆ ತರಿಸಿ, ಬೆರಳು ನೋಡಿ ಪೆನ್ನು ತೆಗೆದರು.

ಸಂಜೆ ಯಜಮಾನರು ವರದಿ ಓದಿದರು: ಮೇಸ್ತ್ರಿಗೆ ವಿಶ್ರಾಂತಿಯಿಲ್ಲ, ತೋಟ ಫೇಲು. ಹತ್ತು ದಿನದ ನಂತರ ಮರುತಪಾಸಣೆ. ಅಲ್ಲಿಯವರೆಗೆ ಮೇಸ್ತ್ರಿ ದಿನಕ್ಕೆರಡು ಸಲ ವಿಶ್ರಾಂತಿ ಕೋಣೆಯಲ್ಲಿ ಕೂತಿರುವ ಫೋಟೋ, ತಪ್ಪದೆ ಪ್ರತಿದಿನವೂ ಕಳಿಸತಕ್ಕದ್ದು.

"ಹಾಗಾದ್ರೆ ನನ್ನ ರಜೆ?" ಎಂದ ಮೇಸ್ತ್ರಿ.

"ನೀನು ರಜೆ ಹಾಕಿದ್ರೆ ಇಲ್ಲಿ ವಿಶ್ರಾಂತಿ ತಗೊಳ್ಳೋರ್ಯಾರು?" ಎನ್ನುತ್ತಾ ಯಜಮಾನರು ಫೋನು ಎತ್ತಿ ಹಿಡಿದರು. "ಹಾಂ, ಕೂತ್ಕೋ. ಸ್ವಲ್ಪ ಕಾಲು ಚಾಚು, ಆರಾಮಾಗಿರೋ ಹಾಗೆ ಕಾಣ್ಲಿ."